ಚಿಕ್ಕವರ ಕೈಗುಣ

"ಚಿಕ್ಕವ್ರಿಲ್ವಾ?"

ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದವರು ಮೊದಲು ಕೇಳುವ ಮಾತು ಇದು. ಯಾರದೋ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿಕೊಂಡು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನಾನು ಎದುರಿಗೇ ಕೂತಿರುತ್ತೇನೆ. ಬಂದವರ ಕಣ್ಣು ಮಾತ್ರ ನನ್ನನ್ನು ದಾಟಿ ಒಳಗಿನ ಕುರ್ಚಿಯನ್ನು ಹುಡುಕುತ್ತದೆ. ಒಳಗಿನ ಕುರ್ಚಿ ನನ್ನ ಓರಗಿತ್ತಿಯದು, ಅಂದರೆ ನನ್ನ ಮೈದುನನ ಹೆಂಡತಿಯದು. ಚನ್ನಪಟ್ಟಣದ ಈ ಕಂಪ್ಯೂಟರ್ ರಿಪೇರಿ ಅಂಗಡಿಯನ್ನು ಶುರು ಮಾಡಿದವಳು ನಾನು. ಬೋರ್ಡು ಬರೆಸಿದವಳು ನಾನು. ಅವಳು ಮದುವೆಯಾಗಿ ಬಂದ ಮೇಲೆ, "ಮನೇಲಿ ಸುಮ್ಕೆ ಕೂತು ಏನ್ಮಾಡ್ತಾಳೆ, ನಿನ್ ಜೊತೆ ಕರ್ಕೊ" ಎಂದು ಅತ್ತೆ ಹೇಳಿದರು. ಕರೆದುಕೊಂಡೆ. ಕೆಲಸವನ್ನೂ ಹೇಳಿಕೊಟ್ಟೆ. ನೋಡನೋಡುತ್ತಿದ್ದಂತೆ ನಾನು ದೊಡ್ಡವಳು, ಅವಳು ಚಿಕ್ಕವಳು, ಗಿರಾಕಿಗಳೆಲ್ಲ ಚಿಕ್ಕವಳ ಗಿರಾಕಿಗಳು ಆಗಿಹೋದರು.

ಹೊಟ್ಟೆಕಿಚ್ಚು ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಹೊಟ್ಟೆಕಿಚ್ಚೇ ಅದು. ಅವಳು ಬಸ್ಸಾರು ಮಾಡಿದ ದಿನ ಅತ್ತೆ ಕೇಳಿ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಾರೆ. ಅದನ್ನು ಹೇಗೋ ನುಂಗಿಕೊಂಡೆ, ಯಾಕೆಂದರೆ ಸಾರಿನಲ್ಲಿ ನನಗೆ ಅಂಥ ಹೆಸರೇನೂ ಇರಲಿಲ್ಲ. ಆದರೆ ರಿಪೇರಿಯಲ್ಲಿ ಇತ್ತು. ಅದನ್ನೂ ಅವಳು ನಗುನಗುತ್ತಾ ಎತ್ತಿಕೊಂಡು ಹೋದಳು. ಕೇಡಿನ ಬುದ್ಧಿಯವಳಾಗಿದ್ದರೆ ಬೈದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳು ಒಳ್ಳೆಯವಳು. ನನಗೆ ಆ ಸಮಾಧಾನವೂ ಇಲ್ಲ.

ದಸರಾ ಕಳೆದು, ಒಣ ಚಳಿ ಶುರುವಾಗಿದ್ದ ಕಾಲ. ಚಿಕ್ಕವಳು ಅಣ್ಣನ ಮಗುವಿನ ನಾಮಕರಣಕ್ಕೆಂದು ತವರಾದ ದೊಡ್ಡಆಲಹಳ್ಳಿಗೆ ಹೋಗಿದ್ದಳು. ಅಂಗಡಿಯಲ್ಲಿ ನಾನೊಬ್ಬಳೇ. ಬೆಳಿಗ್ಗೆ ಬಾಗಿಲು ತೆಗೆದು, ಕೆಂಗಲ್ ಆಂಜನೇಯನ ಪಟಕ್ಕೆ ಊದುಬತ್ತಿ ಹಚ್ಚುವಷ್ಟರಲ್ಲಿ ಅಕ್ಕೂರಿನ ಯಜಮಾನರು ಬಂದರು. ಅವರದು ಚಾಕಿ ಕೇಂದ್ರ. ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಎರಡು ಜ್ವರ ದಾಟುವ ತನಕ ಸಾಕಿ, ಆಮೇಲೆ ರೈತರಿಗೆ ಕೊಡುತ್ತಾರೆ. ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಅಲುಗಾಡದೆ ಕೂತು ಹಳೆಯ ಚರ್ಮ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಆಗ ಮನೆಯೊಳಗೆ ಒಣ ಹವೆ ಇರಬೇಕು. ಜ್ವರ ಎದ್ದ ಮೇಲೆ ಮತ್ತೆ ತಂಪು, ತೇವ ಬೇಕು. ಆ ತೇವ ನೋಡಿಕೊಳ್ಳುವುದಕ್ಕೆ ಯಜಮಾನರು ಎರಡು ವರ್ಷದ ಹಿಂದೆ ಒಂದು ಡಬ್ಬ ತರಿಸಿದ್ದರು. ಹುಳುಮನೆಯ ಗೋಡೆಗೆ ಹಾಕಿದ ಸೆನ್ಸರ್ ಡಬ್ಬಕ್ಕೆ ಹೇಳುತ್ತದೆ, ಡಬ್ಬ ಕೇಬಲ್ಲಿನ ಮೂಲಕ ಲ್ಯಾಪ್‌ಟಾಪಿಗೆ ಹೇಳುತ್ತದೆ, ತೇವ ಕಡಿಮೆಯಾದರೆ ಲ್ಯಾಪ್‌ಟಾಪು ಮಂಜಿನ ಹಾಗೆ ನೀರು ಚಿಮ್ಮುವ ಫಾಗರ್ ಯಂತ್ರವನ್ನು ಓಡಿಸುತ್ತದೆ.

ಯಜಮಾನರು ಲ್ಯಾಪ್‌ಟಾಪು, ಡಬ್ಬ ಎರಡನ್ನೂ ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಮೇಜಿನ ಮೇಲಿಟ್ಟು ಒಳಗಿನ ಕುರ್ಚಿಯ ಕಡೆ ಕತ್ತು ಚಾಚಿದರು.

"ಚಿಕ್ಕವ್ರಿಲ್ವಾ?"

"ತವರಿಗೆ ಹೋಗವ್ಳೆ ಅಣ್ಣ. ಏನಾಗ್ಬೇಕಿತ್ತು ಹೇಳಿ."

"ಡಬ್ಬದ ಕಂಪ್ನಿಯೋರು ಹೊಸ ಪೋಗ್ರಾಮ್ ಕೊಟ್ಟವ್ರೆ ಕಣವ್ವ. ಅದು ಹಳೇ ವಿಂಡೋಸ್ ಸೆವೆನ್‌ನಾಗೆ ಓಡಕಿಲ್ವಂತೆ. ಟೆನ್ ಹಾಕ್ಸಿ ಅಂದ್ರು." ಸ್ವಲ್ಪ ತಡೆದು, "ಚಿಕ್ಕವ್ರು ಯಾವಾಗ ಬತ್ತಾರೆ?" ಎಂದರು.

"ಅವ್ಳು ಬರೋದು ತಡ ಆಯ್ತದೆ. ನಾನು ಮಾಡ್ಕೊಡ್ತೀನಿ."

ಯಜಮಾನರು ಟವೆಲ್ಲನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ಅಂಗಲ್ಲ ಕಣವ್ವ. ಆವತ್ತು ಈ ಡಬ್ಬ ತಂದಾಗ ಯಾರ್ ಬಂದ್ರೂ ಆಗ್ಲಿಲ್ಲ. ಚಿಕ್ಕವ್ರು ಬಂದು ಒಂದ್ಸಲ ಮುಟ್ಟುದ್ರು ನೋಡಿ, ದೀಪ ಉರ್ಕಂಡ್ ಓಡ್ತು. ಅವ್ರ ಕೈಗುಣ ಅಂಗೈತೆ."

ಕೈಗುಣ! ಹುಳು ಸಾಕುವವರಿಗೆ ಈ ಮಾತಿನ ಮೇಲೆ ಬಲು ನಂಬಿಕೆ. ಜ್ವರ ಎದ್ದ ಹುಳುವಿಗೆ ಮೊದಲ ಸೊಪ್ಪು ಯಾರ ಕೈಯಿಂದ ಬೀಳಬೇಕು ಎನ್ನುವುದನ್ನೂ ಯೋಚಿಸಿ ಹಾಕಿಸುತ್ತಾರೆ. ಆದರೆ ವಿಂಡೋಸಿಗೂ ಕೈಗುಣ ನೋಡುವವರನ್ನು ನಾನು ಆವತ್ತೇ ಕಂಡದ್ದು. ಮೈಯೆಲ್ಲಾ ಉರಿದುಹೋಯಿತು. "ನಾಳೆ ಮಧ್ಯಾಹ್ನದೊಳಗೆ ನಿಮ್ಮ ಮನೇಲಿ ಓಡ್ತಿರ್ತದೆ, ಹೋಗಿ ಅಣ್ಣ" ಎಂದೆ.

"ಹುಳ ಈಗ ಜ್ವರಕ್ ಕೂತವೆ. ನಾಳೆ ಮಧ್ಯಾಹ್ನದ ಹೊತ್ಗೆ ಎದ್ಬುಡ್ತವೆ. ಅಷ್ಟೊತ್ಗೆ ಡಬ್ಬ ಗ್ವಾಡೆ ಮೇಲಿರ್ಬೇಕು. ಈ ಒಣ ಗಾಳೀಲಿ ಸೊಪ್ಪು ಬಾಡೋದ್ರೆ ಹುಳ ಬಾಯೇ ಹಾಕಕಿಲ್ಲ" ಎಂದು ಎರಡೆರಡು ಸಲ ಹೇಳಿ ಹೋದರು. ಹುಳು ಹಾಳಾದರೆ ಅವರೊಬ್ಬರದಲ್ಲ, ಸುತ್ತಲಿನ ರೈತರ ಬೆಳೆಯೂ ಹೋದ ಹಾಗೆ. ಅಷ್ಟು ನನಗೂ ಗೊತ್ತಿತ್ತು. ಅದರ ಜೊತೆಗೆ, ಚಿಕ್ಕವಳು ವಾಪಸು ಬರುವಷ್ಟರಲ್ಲಿ ಈ ಕೆಲಸ ನನ್ನ ಕೈಯಲ್ಲೇ ಮುಗಿದಿರಬೇಕು ಅನ್ನುವುದೂ ಅಷ್ಟೇ ಗಟ್ಟಿಯಾಗಿ ತಲೆಯಲ್ಲಿ ಕೂತಿತ್ತು.

ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ, ಡಬ್ಬದ ನೆತ್ತಿಯ ಮೇಲೆ, ಆಯುಧಪೂಜೆಯಲ್ಲಿ ಇಟ್ಟ ಗಂಧ ಕುಂಕುಮ ಹಾಗೇ ಒಣಗಿತ್ತು. ಪೂಜೆಯ ಕುಂಕುಮವನ್ನು ನಾವು ಒರೆಸುವುದಿಲ್ಲ, ಅದಾಗಿ ಉದುರಬೇಕು. ನನ್ನ ಅಂಗಡಿಯ ಸ್ಕ್ರೂಡ್ರೈವರುಗಳ ಹಿಡಿಯ ಮೇಲೂ ಇನ್ನೂ ಇತ್ತು. ನಾನೂ ಒರೆಸದೆ ಕೆಲಸಕ್ಕೆ ಕೂತೆ.

ಮೊದಲು ಒಳಗಿದ್ದದ್ದನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಕೊಂಡೆ. ಮಗಳ ಮದುವೆಯ ಫೋಟೋ, ಸೊಪ್ಪಿನ ಲೆಕ್ಕ, ತೇವದ ದಾಖಲೆ, ಎಲ್ಲ. ಆಮೇಲೆ ಪೆನ್‌ಡ್ರೈವ್ ಸಿಕ್ಕಿಸಿ ಆನ್ ಮಾಡಿದರೆ ಅದು ಪೆನ್‌ಡ್ರೈವನ್ನು ಕಣ್ಣೆತ್ತಿಯೂ ನೋಡಲಿಲ್ಲ, ಸೀದಾ ಹಳೆಯ ವಿಂಡೋಸಿಗೇ ಹೋಯಿತು. ಪೆನ್‌ಡ್ರೈವನ್ನು ಹೊಸ ಲ್ಯಾಪ್‌ಟಾಪುಗಳಿಗೆ ಹೊಂದುವ ಹಾಗೆ ತಯಾರು ಮಾಡಿಟ್ಟಿದ್ದೆ, ಈ ಹಳೆಯದಕ್ಕೆ ಹಳೆಯ ಪದ್ಧತಿಯದೇ ಆಗಬೇಕು. ಮತ್ತೆ ಅಳಿಸಿ ಬೇರೆ ಥರ ಬರೆದೆ. ಈ ಸಲ ಎದ್ದಿತು. ಹಳೆಯದನ್ನು ಅಳಿಸಿ ಹೊಸದನ್ನು ಹಾಕುವಷ್ಟರಲ್ಲಿ ಊಟದ ಹೊತ್ತು ದಾಟಿತು.

ಆಪರೇಟಿಂಗ್ ಸಿಸ್ಟಂ ಹಾಕುವುದು ದೊಡ್ಡ ಕೆಲಸವಲ್ಲ. ಅದು ತನ್ನ ಪಾಡಿಗೆ ಹಾಕಿಕೊಳ್ಳುತ್ತದೆ. ನಿಜವಾದ ಒದ್ದಾಟ ಡ್ರೈವರಿನದು. ಡ್ರೈವರ್ ಎಂದರೆ ಪ್ರತಿ ಬಿಡಿಭಾಗದ ಭಾಷೆಯನ್ನು ವಿಂಡೋಸಿಗೆ ತಿಳಿಸಿಕೊಡುವ ಚಿಕ್ಕ ಸಾಫ್ಟ್‌ವೇರ್. ಅದಿಲ್ಲದಿದ್ದರೆ ವೈಫೈ ಇದ್ದೂ ಇಲ್ಲ, ಸ್ಪೀಕರ್ ಇದ್ದೂ ಇಲ್ಲ. ಹೊಸ ವಿಂಡೋಸು ತೆರೆದಾಗ ಪರದೆಯ ಅಕ್ಷರಗಳು ಗೋಡೆಬರಹದಷ್ಟು ದಪ್ಪ ಇದ್ದವು. ವೈಫೈ ಇಲ್ಲ. ಬೆರಳಿನಲ್ಲಿ ಸರಿಸುವ ಪ್ಯಾಡ್ ಅರ್ಧಂಬರ್ಧ. ಡಿವೈಸ್ ಮ್ಯಾನೇಜರ್ ತೆಗೆದರೆ ಉದ್ದಕ್ಕೂ ಹಳದಿ ಗುರುತು.

ವೈಫೈ ಡ್ರೈವರ್ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ವೈಫೈ ಬೇಕು. ಇದಕ್ಕೆ ನನ್ನದೊಂದು ದಾರಿ ಇದೆ. ನನ್ನ ಮೊಬೈಲನ್ನು ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನ ನೆಟ್ಟನ್ನೇ ಹರಿಸಿದೆ. ಚಿಕ್ಕವಳಿಗೂ ಇದನ್ನು ಹೇಳಿಕೊಟ್ಟವಳು ನಾನೇ. ಅವಳು ಇದನ್ನು ಮಾಡಿದರೆ ಗಿರಾಕಿಗಳು "ಅಬ್ಬಾ ಏನ್ ತಲೆ!" ಎನ್ನುತ್ತಾರೆ. ನಾನು ಮಾಡಿದರೆ "ನೆಟ್ ಇಲ್ವಾ ಅಂಗ್ಡೀಲಿ?" ಎಂದು ಕೇಳುತ್ತಾರೆ.

ಮೊದಲು ಚಿಪ್‌ಸೆಟ್, ಆಮೇಲೆ ಗ್ರಾಫಿಕ್ಸ್, ಆಮೇಲೆ ವೈಫೈ, ಆಮೇಲೆ ಸೌಂಡು. ಒಂದೊಂದಕ್ಕೂ ರೀಸ್ಟಾರ್ಟ್. ವೈಫೈ ಒಂದು ಮಾತ್ರ ಹಟ ಹಿಡಿಯಿತು. ವಿಂಡೋಸು ತಾನಾಗಿ ತಂದ ಡ್ರೈವರಿನಲ್ಲಿ ಗಳಿಗೆಗೊಂದು ಸಲ ಕಡಿದುಹೋಗುತ್ತಿತ್ತು. ಅದರ ಹಾರ್ಡ್‌ವೇರ್ ನಂಬರನ್ನು ನೋಡಿಕೊಂಡು, ಅದಕ್ಕೆ ಸರಿಯಾದ ಹಳೆಯ ಆವೃತ್ತಿಯನ್ನು ಹುಡುಕಿ, ಕೈಯಾರೆ ಹಾಕಿದ ಮೇಲೆ ನಿಂತಿತು. ಸಂಜೆಯ ಹೊತ್ತಿಗೆ ಹಳದಿ ಗುರುತು ಎಲ್ಲ ಹೋಗಿದ್ದವು. ಪರವಾಗಿಲ್ಲವೇ ನಾನು ಎಂದುಕೊಂಡು ಡಬ್ಬದ ಕೇಬಲನ್ನು ಸಿಕ್ಕಿಸಿದೆ.

ಟಣ್ ಎಂದು ಸದ್ದು ಬಂತು. ಬೆನ್ನಿಗೇ ಒಂದು ಹಳದಿ ಗುರುತು. ಗುರುತಿಸಲಾಗದ ಸಾಧನ ಎನ್ನುವ ಸಾಲು.

ಡಬ್ಬಕ್ಕೆ ಡ್ರೈವರ್ ಬೇಕು ಎಂದುಕೊಂಡೆ. ಇಡೀ ದಿನ ಡ್ರೈವರನ್ನೇ ಹುಡುಕುತ್ತಿದ್ದವಳಿಗೆ ಬೇರೆ ಏನು ಹೊಳೆಯಬೇಕು? ಬೇರೆ ಕಿಂಡಿಗೆ ಹಾಕಿ ನೋಡಿದೆ, ಪ್ರಿಂಟರಿನ ಕೇಬಲ್ ತೆಗೆದು ಅದನ್ನು ಜೋಡಿಸಿ ನೋಡಿದೆ. ಅದೇ ಹಳದಿ. ಸರಿ, ಕೇಬಲ್ಲಿನದಲ್ಲ, ಡ್ರೈವರಿನದೇ ಎಂದು ಇನ್ನೂ ಗಟ್ಟಿ ಮಾಡಿಕೊಂಡೆ. ಡಬ್ಬದ ಜೊತೆ ಬಂದ ಸೀಡಿ ಏನಾಯಿತು ಎಂದು ಯಜಮಾನರಿಗೆ ಫೋನ್ ಮಾಡಿದರೆ, ಹಿತ್ತಲ ಸೀಬೆ ಗಿಡಕ್ಕೆ ಕಟ್ಟಿದ್ದೀವಿ, ಹೊಳಪಿಗೆ ಹಕ್ಕಿ ಬರುವುದಿಲ್ಲ ಎಂದರು. ಮಳೆ ಬಿಸಿಲಿಗೆ ಅದರ ಮೈಯೆಲ್ಲಾ ಸುಲಿದುಹೋಗಿದೆಯಂತೆ. ಕಂಪನಿಯ ನಂಬರಿಗೆ ಹಚ್ಚಿದರೆ ಯಾರೂ ಎತ್ತಲಿಲ್ಲ.

ಇಲ್ಲಿಗೆ ಚಿಕ್ಕವಳಿಗೆ ಒಂದು ಫೋನ್ ಮಾಡಬೇಕಿತ್ತು. ಆವತ್ತು ಈ ಡಬ್ಬವನ್ನು ಕೂರಿಸಿದವಳು ಅವಳು. ಯಾವ ಡ್ರೈವರು, ಎಲ್ಲಿತ್ತು ಎಂದು ಒಂದು ಮಾತಿನಲ್ಲಿ ಹೇಳಿಬಿಡುತ್ತಾಳೆ. ಹೇಳಿಬಿಡುತ್ತಾಳೆ ಅನ್ನುವುದಕ್ಕೇ ನಾನು ಮಾಡಲಿಲ್ಲ. ನಾಮಕರಣದ ಮನೆಯಲ್ಲಿ, ನೆಂಟರ ನಡುವೆ ಕೂತು, "ಅಯ್ಯೋ ಅಕ್ಕಾ, ಅಷ್ಟೇನಾ?" ಎಂದು ನಗುವ ಅವಳ ದನಿ ಫೋನ್ ಮಾಡುವ ಮೊದಲೇ ನನ್ನ ಕಿವಿಯಲ್ಲಿ ಕೇಳುತ್ತಿತ್ತು.

ಅದರ ಬದಲು ಒಂದು ಹುಚ್ಚು ಕೆಲಸ ಮಾಡಿದೆ. ಎಲ್ಲ ಡ್ರೈವರನ್ನೂ ತಾನೇ ಹುಡುಕಿ ಹಾಕುತ್ತೇನೆ ಎನ್ನುವ ಒಂದು ಪುಕ್ಕಟೆ ಸಾಫ್ಟ್‌ವೇರನ್ನು ಇಳಿಸಿ ಓಡಿಸಿದೆ. ಗಿರಾಕಿಗಳಿಗೆ ಇಂಥದ್ದನ್ನು ಮುಟ್ಟಬೇಡಿ ಎಂದು ಬುದ್ಧಿ ಹೇಳುವವಳು ನಾನು. ಅದು ಡಬ್ಬವನ್ನು ಮುಟ್ಟಲಿಲ್ಲ. ನಾನು ಕಷ್ಟಪಟ್ಟು ಕೂರಿಸಿದ್ದ ವೈಫೈ ಡ್ರೈವರನ್ನು ಕಿತ್ತು ಇನ್ನೊಂದನ್ನು ತುರುಕಿತು. ಸೌಂಡೂ ಹೋಯಿತು. ಪರದೆಯ ಮೂಲೆಯಲ್ಲಿ ಜಾಹೀರಾತು ಕುಣಿಯತೊಡಗಿತು. ಬಾಗಿಲು ಹಾಕುವ ಹೊತ್ತಿಗೆ ಲ್ಯಾಪ್‌ಟಾಪು ಬೆಳಿಗ್ಗೆ ಬಂದದ್ದಕ್ಕಿಂತ ಕೆಟ್ಟ ಸ್ಥಿತಿಯಲ್ಲಿತ್ತು. ಮನೆಗೆ ಹೋದರೆ ಅತ್ತೆ, "ಚಿಕ್ಕೋಳಿಲ್ಲ, ಮನೆ ಬಿಕೋ ಅಂತೈತೆ" ಎಂದರು. ತಟ್ಟೆ ಇಟ್ಟ ಸದ್ದು ಸ್ವಲ್ಪ ಜೋರಾಗಿಯೇ ಆಯಿತು.

ಮಾರನೆಯ ಬೆಳಿಗ್ಗೆ ಹೋಗಿ ಆ ಸಾಫ್ಟ್‌ವೇರನ್ನು ಬುಡಸಮೇತ ಕಿತ್ತೆ. ಡ್ರೈವರುಗಳನ್ನು ಹಾಕಿ ಮುಗಿಸಿದಾಗ ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟಿದ್ದೆ, ಅಂದರೆ ಆ ಹೊತ್ತಿನ ಸ್ಥಿತಿಗೇ ಮರಳುವ ಗುರುತು. ಅಷ್ಟು ಬುದ್ಧಿ ಉಳಿದಿತ್ತು. ಅಲ್ಲಿಗೆ ವಾಪಸು ಹೋದೆ. ವೈಫೈ ಬಂತು, ಸೌಂಡು ಬಂತು. ಡಬ್ಬ ಮಾತ್ರ ಅದೇ ಹಳದಿ. ಅಷ್ಟರಲ್ಲಿ ಯಜಮಾನರ ಫೋನು.

"ಏನಾಯ್ತು ಕಣವ್ವ? ಹುಳ ಅಲ್ಲೊಂದು ಇಲ್ಲೊಂದು ಏಳ್ತಾವೆ."

"ಎಲ್ಲಾ ಆಗದೆ ಅಣ್ಣ. ಡ್ರೈವರ್ ಒಂದು ಸಿಗ್ತಿಲ್ಲ. ಸಿಕ್ಕಿದ ತಕ್ಷಣ ಹೊರಟು ಬತ್ತೀನಿ."

"ಅಷ್ಟೇನಾ! ಬುಡಿ, ನಾನ್ ನೋಡ್ಕತೀನಿ" ಎಂದು ಅವರು ಫೋನ್ ಇಟ್ಟರು. ಇವರು ಏನು ನೋಡಿಕೊಳ್ಳುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ. ಬಹುಶಃ ಕಂಪನಿಯವರನ್ನು ಹಿಡಿಯುತ್ತಾರೆ ಎಂದುಕೊಂಡು ಮತ್ತೆ ಹುಡುಕಾಟಕ್ಕೆ ಬಿದ್ದೆ. ಸ್ವಲ್ಪ ಹೊತ್ತಿಗೆ ಅಂಗಡಿಯ ಮುಂದೆ ಒಂದು ಟೆಂಪೋ ಬಂದು ನಿಂತಿತು. ಹುಳುವಿನ ತಟ್ಟೆ ಸಾಗಿಸುವ ಟೆಂಪೋ. ಅದರಿಂದ ದಪ್ಪ ಮೀಸೆಯ ಒಬ್ಬಾತ ಇಳಿದು ಬಂದ.

"ಅಕ್ಕೋ, ಯಜಮಾನ್ರು ಕಳ್ಸವ್ರೆ. ಡ್ರೈವರ್ ಸಿಗ್ದೆ ಪರದಾಡ್ತಾವ್ರೆ, ಓಗಿ ಕರ್ಕಂಬಾ ಅಂದ್ರು."

ಆತನನ್ನು ನೋಡಿದೆ. ಲ್ಯಾಪ್‌ಟಾಪನ್ನು ನೋಡಿದೆ. "ಈ ಡ್ರೈವರ್ ಅಲ್ಲಪ್ಪಾ" ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟೆ. ಆತ ಟೆಂಪೋದ ಬಾಗಿಲು ತೆಗೆದು ಹಿಡಿದು ನಿಂತಿದ್ದ. ಅಲ್ಲಿ ಹುಳು ಏಳುತ್ತಿದ್ದವು. ಕೊನೆ ಪಕ್ಷ ಡಬ್ಬವನ್ನು ಗೋಡೆಗೆ ಹಾಕಿ, ದಾರಿಯಲ್ಲಿ ಮೊಬೈಲಿನಲ್ಲೇ ಹುಡುಕಿಕೊಂಡು ಹೋಗೋಣ ಎಂದು ಲ್ಯಾಪ್‌ಟಾಪು, ಡಬ್ಬ, ಸ್ಕ್ರೂಡ್ರೈವರುಗಳ ಚೀಲ ಎತ್ತಿಕೊಂಡು ಹತ್ತಿದೆ. ದಾರಿಯುದ್ದಕ್ಕೂ ಆತ ತಾನು ಯಾವ ಯಾವ ಗಾಡಿ ಓಡಿಸಿದ್ದೇನೆ ಎಂದು ಹೇಳುತ್ತಿದ್ದ. ನಾನು ಹೂಂಗುಟ್ಟುತ್ತಾ ಮೊಬೈಲ್ ತಿಕ್ಕುತ್ತಿದ್ದೆ. ಏನೂ ಸಿಗಲಿಲ್ಲ.

ಅಕ್ಕೂರಿನ ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿಗೆ ಪಾದ ಅದ್ದಿ, ಕೈ ತೊಳೆದು, ಮುಂದಿನ ಸಣ್ಣ ಕೋಣೆಗೆ ಹೋದೆ. ಡಬ್ಬದ ಜಾಗ ಅಲ್ಲಿಯೇ. ಗಾಜಿನ ಕಿಟಕಿಯಿಂದ ಒಳಗಿನ ತಟ್ಟೆಗಳ ಸಾಲು ಕಾಣುತ್ತಿತ್ತು. ಯಜಮಾನರ ಹೆಂಡತಿ ಗೋಣಿಚೀಲಗಳನ್ನು ನೀರಿಗೆ ಅದ್ದಿ ಹಿಂಡಿ ಹಗ್ಗದ ಮೇಲೆ ನೇತುಹಾಕುತ್ತಿದ್ದರು. ಡಬ್ಬ ಬರುವುದಕ್ಕೆ ಮುಂಚಿನ ಕಾಲದ ಉಪಾಯ ಅದು. ಒಂದು ಕಡೆ ನೇತುಹಾಕುವಷ್ಟರಲ್ಲಿ ಇನ್ನೊಂದು ಕಡೆಯದು ಒಣಗುತ್ತಿತ್ತು. ಗೋಡೆಯ ತೇವಮಾಪಕ ನೋಡಿ ನನ್ನ ಕಡೆ ತಿರುಗಿ, "ಬೇಗ್ನೆ ಹಾಕವ್ವ, ಕೈ ಸೋತೋಯ್ತು" ಎಂದರು.

ಡಬ್ಬವನ್ನು ಗೋಡೆಗೆ ಸಿಕ್ಕಿಸಿ ತಂತಿ ಕೊಟ್ಟೆ. ಲ್ಯಾಪ್‌ಟಾಪು ತೆರೆದು ಕೇಬಲ್ ಹಾಕಿದೆ. ಟಣ್. ಹಳದಿ.

ಯಜಮಾನರು ಹಿಂದೆಯೇ ನಿಂತಿದ್ದರು. "ಡ್ರೈವರ್ ಕಳ್ಸುದ್ನಲ್ಲವ್ವ, ಇನ್ನೇನು?" ಎಂದರು. ಅದು ಬೇರೆ ಡ್ರೈವರ್, ಕಂಪ್ಯೂಟರಿನ ಒಳಗೆ ಹಾಕುವಂಥದ್ದು ಎಂದು ವಿವರಿಸಿದೆ. ಅವರು ಎಲ್ಲವನ್ನೂ ಕೇಳಿ, ಅತ್ಯಂತ ಮೆತ್ತಗಿನ ದನಿಯಲ್ಲಿ ಕೇಳಿದರು. "ಚಿಕ್ಕವ್ರಿಗೊಂದ್ ಫೋನ್ ಹಾಕುದ್ರೆ ಆಗಕಿಲ್ವಾ?"

"ಅವ್ಳು ನಾಮಕರಣದಾಗೆ ಇರ್ತಾಳೆ ಅಣ್ಣ."

"ಇದ್ರೂ ಎತ್ತಾರೆ ಬುಡಿ. ನಾನೇ ಮಾಡ್ಲಾ?"

ಅವರ ಕೈ ಜೇಬಿಗೆ ಹೋಯಿತು. ಒಳಗೆ ಅವರ ಹೆಂಡತಿ ಮತ್ತೊಂದು ಗೋಣಿ ಹಿಂಡುತ್ತಿದ್ದರು. ಕಿಟಕಿಯ ಪಕ್ಕದ ತಟ್ಟೆಯಲ್ಲಿ ಹುಳುಗಳು ತಲೆ ಆಡಿಸಲು ಶುರು ಮಾಡಿದ್ದವು. ಹಸಿದ ಹುಳುವಿಗೆ ನನ್ನ ಮರ್ಯಾದೆ ಕಟ್ಟಿಕೊಂಡು ಏನಾಗಬೇಕು? "ಬೇಡಿ, ನಾನೇ ಮಾಡ್ತೀನಿ" ಎಂದು ಹೊರಗೆ ಹೋಗಿ, ಹೊಂಗೆ ಮರದ ಕೆಳಗೆ ನಿಂತು ಚಿಕ್ಕವಳ ನಂಬರ್ ಒತ್ತಿದೆ. ಆ ಅಂಗಡಿ ಇಟ್ಟಾಗಿನಿಂದ ನನಗೆ ಅಷ್ಟು ಕಷ್ಟವಾದ ಕೆಲಸ ಇನ್ನೊಂದಿಲ್ಲ.

"ಅಕ್ಕಾ, ಊಟ ಆಯ್ತಾ? ಇಲ್ಲಿ ಮಗೀನ ಹೆಸ್ರು ಕೂಗ್ತಾವ್ರೆ, ಬಾಳ ಗಲಾಟೆ" ಎಂದಳು.

"ಅಕ್ಕೂರಿನ ಚಾಕಿ ಡಬ್ಬಕ್ಕೆ ಆವತ್ತು ಯಾವ ಡ್ರೈವರ್ ಹಾಕಿದ್ದೆ ನೀನು?"

"ನಾನಾ?" ಎಂದಳು. ಗಲಾಟೆಯಿಂದ ಆಚೆ ಬಂದಳೆಂದು ಕಾಣುತ್ತದೆ, ದನಿ ಸ್ಪಷ್ಟವಾಯಿತು. "ನಾನೆಲ್ಲಿ ಹಾಕ್ದೆ ಅಕ್ಕ? ಅಂಗ್ಡೀಲಿ ಕೂತು ಹಾಕ್ದೋರು ನೀವು. ಸಂಜೆ ತನ್ಕ ಒದ್ದಾಡಿದ್ರಿ, ಗೆಪ್ತಿ ಇಲ್ವಾ? ನಂಗಾಗ ಡ್ರೈವರ್ ಅಂದ್ರೇನು ಅಂತ್ಲೇ ಗೊತ್ತಿರ್ಲಿಲ್ಲ. ನೀವು ಕೊಟ್ರಿ, ನಾನು ಸ್ಕೂಟರ್‌ನಾಗೆ ತಕ್ಕೊಂಡೋಗಿ ಕೇಬಲ್ ಚುಚ್ಚಿ ಬಂದೆ, ಅಷ್ಟೆಯಾ."

ನಾನು ಮರಕ್ಕೆ ಒರಗಿದೆ. ನೆನಪಾಯಿತು. ಆವತ್ತು ಮಳೆ ಹನಿಯುತ್ತಿತ್ತು, ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅವಳ ಸ್ಕೂಟರಿನ ಮುಂದೆ ಇಟ್ಟುಕೊಟ್ಟವಳು ನಾನೇ. ಯಜಮಾನರು ಬಂದಾಗಲೆಲ್ಲ ಹೇಳುತ್ತಿದ್ದ ಕಥೆಯನ್ನು ಕೇಳಿ ಕೇಳಿ, ಹೊಟ್ಟೆ ಉರಿಸಿಕೊಂಡು ಉರಿಸಿಕೊಂಡು, ಕೆಲಸ ನನ್ನದು ಅನ್ನುವುದೇ ನನಗೆ ಮರೆತುಹೋಗಿತ್ತು. ನನ್ನದೇ ಕೆಲಸದ ಮೇಲೆ ಎರಡು ವರ್ಷ ಹೊಟ್ಟೆಕಿಚ್ಚುಪಟ್ಟಿದ್ದೆ!

"ಅಕ್ಕಾ? ಇದೀರಾ? ಏನ್ ಬರ್ತಾ ಐತೆ ಪರದೇಲಿ?"

"ಇರು, ನಾನೇ ನೋಡ್ಕತೀನಿ" ಎಂದು ಫೋನ್ ಇಟ್ಟೆ.

ಒಳಗೆ ಬಂದು ಮೊದಲಿನಿಂದ ಯೋಚಿಸಿದೆ. ಅವಳು ಮಾಡಿದ್ದು ಕೇಬಲ್ ಚುಚ್ಚಿದ್ದು ಒಂದೇ. ಅಂದಿನಿಂದ ಆ ಕೇಬಲನ್ನು ಯಾರೂ ಬಿಚ್ಚಿಲ್ಲ. ನಿನ್ನೆ ಬಿಚ್ಚಿದ್ದೇ ಮೊದಲು. ಹಳದಿ ಗುರುತಿನ ಮೇಲೆ ಒತ್ತಿ ಆ ಸಾಲನ್ನು ಕೊನೆಯ ತನಕ ಓದಿದೆ. ಗುರುತಿಸಲಾಗದ ಸಾಧನ ಎನ್ನುವಷ್ಟನ್ನೇ ನಾನು ಓದಿದ್ದು. ಮುಂದೆ, ಸಾಧನವು ತಾನು ಯಾರೆಂದು ಹೇಳುವುದರಲ್ಲೇ ವಿಫಲವಾಗಿದೆ ಎಂದು ಇಂಗ್ಲಿಷಿನಲ್ಲಿ ಇತ್ತು. ಡ್ರೈವರ್ ಇಲ್ಲದ ಸಾಧನ ತನ್ನ ಹೆಸರನ್ನಾದರೂ ಹೇಳುತ್ತದೆ. ಇದು ಹೆಸರೂ ಹೇಳುತ್ತಿಲ್ಲ, ಅಂದರೆ ತಂತಿಗೂ ಡಬ್ಬಕ್ಕೂ ಸರಿಯಾಗಿ ತಾಗುತ್ತಿಲ್ಲ. ಕೇಬಲ್ ಬದಲಾಯಿಸಿ ನೋಡಿದ್ದೆ. ಡಬ್ಬದ ಕಿಂಡಿಯನ್ನು ನೋಡಿರಲಿಲ್ಲ.

ಕರೆಂಟ್ ತೆಗೆದು, ಕೇಬಲ್ ಕಿತ್ತು, ಮೊಬೈಲಿನ ಟಾರ್ಚು ಹಾಕಿ ಡಬ್ಬದ ಚೌಕ ಕಿಂಡಿಯೊಳಗೆ ಇಣುಕಿದೆ. ಒಳಗೆ ಕೆಂಪಗೆ ಹೊಳೆಯಿತು. ಕುಂಕುಮ. ಗಂಧದಲ್ಲಿ ಕಲಸಿದ ಕುಂಕುಮ, ಒಣಗಿ ಹಕ್ಕಳೆ ಕಟ್ಟಿಕೊಂಡಿತ್ತು.

"ಅಮ್ಮಾ, ಆಯುಧಪೂಜೇಲಿ ಇದಕ್ಕೆ ಕುಂಕುಮ ಎಲ್ಲೆಲ್ಲಿ ಇಟ್ರಿ?" ಎಂದು ಕೂಗಿದೆ.

ಯಜಮಾನರ ಹೆಂಡತಿ ಗೋಣಿ ಹಿಡಿದೇ ಬಾಗಿಲಿಗೆ ಬಂದರು. "ತಲೆ ಮ್ಯಾಲಿಟ್ಟೆ. ಈ ವೈರು ಕೂಡ್ಕಳೋ ತಾವ ಒಸಿ ಜಾಸ್ತಿ ಇಟ್ಟೆ. ಜೀವ ಇರೋದು ಅಲ್ಲೇ ಅಲ್ವ್ರಾ ಅಂತ. ಒರುಸ್ಬಾರ್ದು ಅಂತ ಅಂಗೇ ಬುಟ್ಟಿದ್ದೆ ಕಣವ್ವ, ಯಾಕೆ?"

ಕೇಬಲ್ ಕೂತಿರುವ ತನಕ ಕುಂಕುಮ ಸುತ್ತಲೇ ಇತ್ತು. ನಿನ್ನೆ ಯಜಮಾನರು ಕಿತ್ತಾಗ ಉದುರಿ ಒಳಗೆ ಬಿದ್ದಿದೆ, ನಾನು ಮತ್ತೆ ಮತ್ತೆ ಕೇಬಲ್ ತುರುಕಿ ಅದನ್ನು ಗಟ್ಟಿಯಾಗಿ ಮೆತ್ತಿದ್ದೇನೆ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಒಳಗಿನ ತಾಮ್ರದ ಪಟ್ಟಿಗಳಿಗೆ ಗಾಯವಾಗದ ಹಾಗೆ ಮೆಲ್ಲಗೆ ಕೆರೆದೆ. ಚೀಲದಲ್ಲಿದ್ದ ಬ್ರಷ್ಷಿನಿಂದ ಉಜ್ಜಿ, ಪರದೆ ಒರೆಸುವ ಸ್ಪಿರಿಟ್ಟನ್ನು ಹತ್ತಿಗೆ ಹಚ್ಚಿ ತಿಕ್ಕಿದೆ. ಕೇಬಲ್ಲಿನ ಮೂತಿಯನ್ನೂ ತಿಕ್ಕಿದೆ. ಹತ್ತಿ ಕೆಂಪಾಗಿ ಬಂತು. ಒಣಗಲು ಬಿಟ್ಟು, ಕರೆಂಟ್ ಕೊಟ್ಟು, ಕೇಬಲ್ ಹಾಕಿದೆ.

ಟಣ್ ಎಂದಿತು. ಹಳದಿ ಬರಲಿಲ್ಲ. ಹೊಸ ವಿಂಡೋಸು ಡಬ್ಬದ ಹೆಸರನ್ನು ಓದಿಕೊಂಡು, ಡ್ರೈವರನ್ನು ತಾನೇ ನನ್ನ ಮೊಬೈಲಿನ ನೆಟ್ಟಿನಿಂದ ತಂದು ಹಾಕಿಕೊಂಡಿತು. ನಾನು ಎರಡು ದಿನ ಹುಡುಕಿದ ಡ್ರೈವರೂ ಟೆಂಪೋದವನ ಹಾಗೆಯೇ, ಕರೆಯದೆ ತಾನಾಗಿ ಬಂದ. ಕಂಪನಿಯವರು ಕೊಟ್ಟ ಹೊಸ ಪ್ರೋಗ್ರಾಮು ಹಾಕಿ ತೆರೆದೆ. ತೇವದ ಅಂಕಿ ಕೆಂಪಗೆ ಮೂಡಿತು. ಒಳಗೆ ಫಾಗರ್ ಸುಂಯ್ ಎಂದು ಮಂಜು ಬಿಡಲು ಶುರು ಮಾಡಿತು.

ಆ ಸದ್ದು ಕೇಳಿದ್ದೇ ತಡ, ಹುಳುಮನೆಯೊಳಗೆ ಹೋಗಿದ್ದ ಯಜಮಾನರು ಓಡಿಬಂದರು. ಅವರ ಮುಖ ಅರಳಿತ್ತು. "ನೋಡುದ್ರಾ? ನಾನ್ ಏಳ್ಲಿಲ್ವಾ? ಒಂದ್ ಫೋನಲ್ಲೇ ಸರಿ ಮಾಡ್ಬುಟ್ರು! ಏನ್ ಕೈಗುಣ ಅಂತೀನಿ, ಫೋನ್‌ನಾಗೂ ಬತ್ತದೆ!"

"ಅಣ್ಣ, ಅವ್ಳು ಏನೂ ಹೇಳ್ಲಿಲ್ಲ. ಕಿಂಡೀಲಿ ಕುಂಕುಮ ಇತ್ತು, ನಾನು ತೆಗೆದೆ."

ಯಜಮಾನರು ಹೆಂಡತಿಯ ಮುಖ ನೋಡಿದರು. ಕಣ್ಣಾರೆ ಕಂಡ ಆಕೆಯಾದರೂ ನ್ಯಾಯ ಹೇಳುತ್ತಾರೆ ಎಂದು ನಾನೂ ನೋಡಿದೆ. ಆಕೆ ಗೋಣಿ ಕೆಳಗಿಟ್ಟು, "ಊಂ, ಚಿಕ್ಕವ್ರು ಫೋನಲ್ಲಿ ಹೇಳುದ್ರು, ಇವ್ರು ಪಿನ್ನಲ್ಲಿ ಕೆರುದ್ರು" ಎಂದರು.

ಹುಳು ಎಲ್ಲ ಎದ್ದಿದ್ದವು. ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಬುಟ್ಟಿಯಲ್ಲಿ ಇಟ್ಟಿದ್ದರು. ಮೊದಲ ಸೊಪ್ಪು ಯಾರು ಹಾಕುತ್ತಾರೆ ಎಂದು ನಾನು ಸ್ವಲ್ಪ ಹೊತ್ತು ಬೇಕೆಂದೇ ಅಲ್ಲಿ ನಿಂತೆ. ಯಜಮಾನರು ಬುಟ್ಟಿ ಎತ್ತಿ ನನ್ನ ಕಡೆ ನೋಡಿದರು. ನನ್ನ ಕೈ ಒಂದಿಷ್ಟು ಮುಂದೆ ಹೋಯಿತು. "ಚಿಕ್ಕವ್ರು ಇದ್ದಿದ್ರೆ ಅವ್ರ ಕೈಲೇ ಹಾಕುಸ್ಬೋದಿತ್ತು" ಎಂದು ಬುಟ್ಟಿಯನ್ನು ಹೆಂಡತಿಗೆ ಕೊಟ್ಟರು. ಟೆಂಪೋದಲ್ಲಿ ವಾಪಸು ಬರುವಾಗ ಆತ, "ಆಮೇಕೆ ಆ ಇನ್ನೊಬ್ಬ ಡ್ರೈವರ್ ಸಿಕ್ಕುದ್ನಾ ಅಕ್ಕ?" ಎಂದು ಕೇಳಿದ. ಸಿಕ್ಕಿದ ಎಂದೆ.

ಚಿಕ್ಕವಳು ನಾಮಕರಣ ಮುಗಿಸಿಕೊಂಡು ಬಂದಳು. ಅಂಗಡಿಯಲ್ಲಿ ಅವಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಪಿನ್ನಿನ ಮಾತನ್ನು ಮಾತ್ರ ಎರಡು ಸಲ ಹೇಳಿದೆ. ಅವಳ ಮುಖ ಕೆಂಪಾಯಿತು. "ಇದು ಸರಿ ಅಲ್ಲ ಅಕ್ಕ. ನಾನೇ ಫೋನ್ ಮಾಡಿ ಹೇಳ್ತೀನಿ" ಎಂದು ನನ್ನೆದುರಿಗೇ ಯಜಮಾನರಿಗೆ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಅಣ್ಣ, ಮೊನ್ನೆ ನಿಮ್ಮ ಡಬ್ಬ ಸರಿ ಮಾಡಿದ್ದು ನಾನಲ್ಲ, ಅಕ್ಕ. ನಂಗೆ ಅದ್ರ ಬಗ್ಗೆ ಒಂದಕ್ಸರ ಗೊತ್ತಿರ್ಲಿಲ್ಲ. ಎರಡು ವರ್ಷದ ಹಿಂದೇನೂ ಅಕ್ಕನೇ ಮಾಡಿದ್ದು. ನಾನು ಬರೀ ತಂದು ಚುಚ್ಚಿದ್ದು."

ಆ ಕಡೆಯಿಂದ ಯಜಮಾನರ ದನಿ ಗದ್ಗದವಾಗಿ ಬಂತು.

"ಎಂಥಾ ದೊಡ್ ಗುಣ ಕಣವ್ವ ನಿಂದು! ಮಾಡುದ್ದೆಲ್ಲ ತಾನೇ ಮಾಡಿ ಅಕ್ಕನ್ ಹೆಸ್ರು ಏಳ್ತಾವ್ಳಲ್ಲಾ! ಈ ಕಾಲ್ದಾಗೆ ಯಾರವ್ವ ಹಿಂಗಿರ್ತಾರೆ?"

ಚಿಕ್ಕವಳು ಫೋನ್ ಹಿಡಿದುಕೊಂಡು ನನ್ನನ್ನೇ ನೋಡಿದಳು. ಅವಳ ಕೆನ್ನೆ ನಡುಗಿತು. ಫೋನ್ ಇಟ್ಟವಳೇ ಮೇಜಿಗೆ ತಲೆ ಊರಿ ನಕ್ಕಳು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಗಬಾರದು ಎಂದು ನಾನು ತುಟಿ ಕಚ್ಚಿದೆ. ಆಗಲಿಲ್ಲ. ನನಗೂ ನಗು ಬಂತು. ಹೊಟ್ಟೆಯೊಳಗಿನ ಉರಿ ಆರಿತು ಎಂದು ಹೇಳಲಾರೆ, ನಗುವಾಗಲೂ ಅದು ಉರಿಯುತ್ತಲೇ ಇತ್ತು.

ಅಷ್ಟರಲ್ಲಿ ಯಾರೋ ಒಬ್ಬ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ. ನನ್ನನ್ನು ದಾಟಿ ಒಳಗೆ ನೋಡಿದ.

"ಚಿಕ್ಕವ್ರು ಇದ್ದಾರಾ?"

"ಇದ್ದೀನಿ" ಎಂದಳು ಚಿಕ್ಕವಳು, ಕಣ್ಣೊರೆಸಿಕೊಳ್ಳುತ್ತಾ. "ಆದ್ರೆ ಇದ್ನೆಲ್ಲ ನೋಡೋದು ಅಕ್ಕ. ಅವ್ರು ಒಸಿ ಬಿಡುವಾಗ್ಲಿ, ಕೂತ್ಕೊಳಿ."

ನಾನು ಬಿಡುವಾಗಿಯೇ ಇದ್ದೆ. ಮೇಜಿನ ಮೇಲೆ ಒಂದು ಕೆಲಸವೂ ಇರಲಿಲ್ಲ. ಆದರೂ ಸ್ಕ್ರೂಡ್ರೈವರನ್ನು ಕೈಗೆ ತೆಗೆದುಕೊಂಡು, ಅವನನ್ನು ಸುಮಾರು ಹೊತ್ತು ಕಾಯಿಸಿದೆ.